ಯೂಸ್‌ನೆಟ್ ಓದಲು ಯಾವ ತಂತ್ರಾಂಶ?

ಮಾನ್ಯರೇ,

2024ರ ಫೆಬ್ರುವರಿ 22ರಿಂದ ಗೂಗಲ್ ಗ್ರೂಪ್ಸ್‌ನಲ್ಲಿ ಯೂಸ್‌ನೆಟ್‌ನ (ವಿಷಯವಾರು ಗುಂಪುಗಳಲ್ಲಿ ಚರ್ಚಿಸುವ ಅಂತರ್ಜಾಲ ವ್ಯವಸ್ಥೆ) ಹಳೆಯ ಬರಹಗಳಷ್ಟೇ ಸಿಗುತ್ತವೆ. ಹೊಸದನ್ನು ಓದಲು, ಬರೆಯಲು ನ್ಯೂಸ್‌ರೀಡರ್, ಅಂದರೆ ಈ ಗುಂಪುಗಳನ್ನು ಓದುವ ತಂತ್ರಾಂಶ, ಇದ್ದರೆ ಒಳ್ಳೆಯದು. ಹೊಸಬರಿಗೆ ಇಮೇಲ್ ತಂತ್ರಾಂಶ ಥಂಡರ್‌ಬರ್ಡ್ ಸಾಕು. ಇಮೇಲ್ ಬಳಸಿದವರಿಗೆ ಕೈಗೆ ಒಗ್ಗಿದಂತೆಯೇ ಇರುತ್ತದೆ.

ಎಟರ್ನಲ್ ಸೆಪ್ಟೆಂಬರ್‌ನಂಥ ಉಚಿತ ಸರ್ವರ್‌ನಲ್ಲಿ ನೋಂದಾಯಿಸಿ, ಥಂಡರ್‌ಬರ್ಡ್‌ನಲ್ಲಿ ನ್ಯೂಸ್‌ಗ್ರೂಪ್ (ಯೂಸ್‌ನೆಟ್ ಗುಂಪು) ಖಾತೆ ಸೇರಿಸಿ. ಪೋರ್ಟ್ 119ರಲ್ಲಿ ಪಾಸ್‌ವರ್ಡ್ ಬಯಲಾಗಿ ಹೋಗುತ್ತದೆ. ಅದರ ಬದಲು ಪೋರ್ಟ್ 563 ಹಾಕಿ, ಮಾಹಿತಿಯನ್ನು ಗೂಢಲಿಪಿಯಲ್ಲಿ ಕಳಿಸುವ ಎಸ್‌ಎಸ್‌ಎಲ್/ಟಿಎಲ್‌ಎಸ್ ಆರಿಸಿ. ಸರ್ವರ್ ಸೆಟ್ಟಿಂಗ್‌ನಲ್ಲಿ ‘ಪ್ರತಿ ಬಾರಿಯೂ ದೃಢೀಕರಣ ಕೇಳು’ ಎಂಬುದಕ್ಕೆ ಟಿಕ್ ಹಾಕದಿದ್ದರೆ ಗುಂಪುಗಳ ಪಟ್ಟಿ ಅರೆಬರೆಯಾಗಿ ಬರಬಹುದು. ಹೆಚ್ಚಿನವರು ಎಡವುವುದು ಇಲ್ಲೇ. ಮೊದಲ ಸಲ 500 ಹೆಡರ್ (ಬರಹದ ವಿಷಯ, ಬರೆದವರ ಹೆಸರು ಇತ್ಯಾದಿ) ಇಳಿಸಿಕೊಂಡರೆ ಸಾಕು, ಸಾವಿರಾರು ಬೇಡ.

ಬಣ್ಣ, ದಪ್ಪಕ್ಷರ ಕೊಡುವ ಎಚ್‌ಟಿಎಂಎಲ್ ಆಫ್ ಮಾಡಿ, ಸರಳ ಪಠ್ಯದಲ್ಲೇ ಬರೆಯಿರಿ. ಕನ್ನಡಕ್ಕೆ ಯುಟಿಎಫ್-8 ಎಂಬ ಅಕ್ಷರ ಸಂಕೇತ ಕಡ್ಡಾಯ, ಇಲ್ಲವಾದರೆ ಓದುವವರಿಗೆ ಕಾಣುವುದು ಬರೀ ಪ್ರಶ್ನೆಚಿಹ್ನೆ!

ಸ್ಪ್ಯಾಮ್ ಕಾಟ ಹೆಚ್ಚಿರುವ ಗುಂಪುಗಳಿಗೆ ಪ್ಯಾನ್ ಎಂಬ ನ್ಯೂಸ್‌ರೀಡರ್ ವಾಸಿ. ಬರೆದವರ ಹೆಸರು, ವಿಷಯ ನೋಡಿ ಅಂಕ ಕೊಟ್ಟು ಬೇಡದ್ದನ್ನು ಮರೆಮಾಡುತ್ತದೆ. ಟರ್ಮಿನಲ್ (ಆಜ್ಞೆಗಳನ್ನು ಟೈಪ್ ಮಾಡುವ ಪರದೆ) ರೂಢಿಯಿದ್ದವರಿಗೆ ಎಸ್‌ಎಲ್‌ಆರ್‌ಎನ್ ಎಂಬ ನ್ಯೂಸ್‌ರೀಡರ್ ಇದೆ, ನಿಧಾನದ ಸಂಪರ್ಕದಲ್ಲೂ ಚುರುಕು.

ಇಂತಿ,
ಓದುಗ, ಮೈಸೂರು