ಬತ್ತಿದ ಬೋರ್‌ಗಳನ್ನು ಮುಚ್ಚಿಸಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ, ನಮಸ್ಕಾರ.

ಚಿತ್ರದುರ್ಗದಿಂದ ದಾವಣಗೆರೆ ಕಡೆಗೆ ಹೋಗುವ ಹೆದ್ದಾರಿ ಪಕ್ಕದಲ್ಲಿ ನನ್ನದೊಂದು ಸಣ್ಣ ಹೋಟೆಲ್ ಇದೆ. ಚಹಾ, ಇಡ್ಲಿ, ಸಂಜೆ ಹೊತ್ತು ಮಂಡಕ್ಕಿ ಮಿರ್ಚಿ. ಚುನಾವಣೆ ಪ್ರಚಾರಕ್ಕೆ ಬಂದಾಗ ನೀವೂ ಅಲ್ಲಿ ಚಹಾ ಕುಡಿದಿದ್ದೀರಿ. ಚೆನ್ನಾಗಿದೆ ಅಂದಿರಿ. ಅದು ಕ್ಯಾನ್ ನೀರಿನ ಚಹಾ ಸಾಹೇಬರೇ. ನಮ್ಮ ಬೋರ್ ನೀರಲ್ಲಿ ಮಾಡಿದ್ದರೆ ಹಾಲು ಹಾಕಿದ ತಕ್ಷಣ ಒಡೆಯುತ್ತಿತ್ತು.

ಮೊದಲು ಹೀಗಿರಲಿಲ್ಲ. ನೀರು ಸ್ವಲ್ಪ ಗಡಸು, ಫ್ಲೋರೈಡ್ ಇದೆ, ನಿಜ. ಅದು ನಮ್ಮ ಜಿಲ್ಲೆಗೆ ಹೊಸದೇನಲ್ಲ. ಆದರೆ ಬೇಳೆ ಬೇಯುತ್ತಿತ್ತು, ಹಾಲು ಒಡೆಯುತ್ತಿರಲಿಲ್ಲ. ಊರಾಚೆ ಬಟ್ಟೆ ತೊಳೆದು ಬಣ್ಣ ಹಾಕುವ ಫ್ಯಾಕ್ಟರಿ ಬಂದ ಮೇಲೆ ನೀರಿನ ರುಚಿ ಕೆಟ್ಟಿತು. ಆಮೇಲೆ ವಾಸನೆ. ಆಮೇಲೆ ತೊಟ್ಟಿಯಲ್ಲಿ ಒಂಥರಾ ನೀಲಿ ಕಲೆ, ಎಷ್ಟು ಉಜ್ಜಿದರೂ ಹೋಗದ್ದು.

ಎಲ್ಲಿಂದ ಬರುತ್ತಿದೆ ಅಂತ ನಮಗೆ ಗೊತ್ತಾಗಿದ್ದು ಪಕ್ಕದ ಹೊಲದವರ ಮೋಟರ್ ಕೆಟ್ಟಾಗ. ಮೋಟರ್ ಎತ್ತುವ ಹುಡುಗ ಪೈಪ್ ಒಂದೊಂದಾಗಿ ಬಿಚ್ಚುತ್ತಾ ಬಂದ. ಕೊನೆಯ ಪೈಪುಗಳಿಗೆಲ್ಲ ಕಪ್ಪು ಲೋಳೆ ಅಂಟಿತ್ತು. ಅವನು ಕೈ ಒರೆಸಿಕೊಂಡು, 'ಅಣ್ಣಾ, ಇದು ಬೋರಾ ಬಚ್ಚಲಾ?' ಅಂದ. ಫ್ಯಾಕ್ಟರಿ ಕಾಂಪೌಂಡಿನ ಒಳಗೆ ಫೇಲಾದ ಬೋರ್ ಒಂದಿದೆ. ಅದರ ಸುತ್ತ ಗುಂಡಿ ತೋಡಿ, ಜಲ್ಲಿ ತುಂಬಿ, 'ಮಳೆನೀರು ಇಂಗು ಗುಂಡಿ' ಅಂತ ಹಸಿರು ಬೋರ್ಡ್ ನೆಟ್ಟಿದ್ದಾರೆ. ಏಪ್ರಿಲ್, ಮೇ ತಿಂಗಳಲ್ಲಿ, ಆಕಾಶದಲ್ಲಿ ಒಂದು ಮೋಡ ಇಲ್ಲದಾಗ, ರಾತ್ರಿ ಹನ್ನೊಂದರ ಮೇಲೆ ಆ ಗುಂಡಿಗೆ ನೀರು ಹರಿಯುವ ಸದ್ದು ಕೇಳುತ್ತದೆ. ಬಯಲುಸೀಮೆಯಲ್ಲಿ ಬೇಸಿಗೆ ರಾತ್ರಿ ದಿನಾ ಮಳೆ ಸುರಿಯುವ ಜಾಗ ಅದೊಂದೇ.

ಜಲ ಮಾಲಿನ್ಯ ತಡೆ ಕಾಯ್ದೆ, 1974. ಕಲಂ 24. ನಿಮಗೆ ಗೊತ್ತಿರುವುದೇ, ನಾನು ಹೇಳಬೇಕಾಗಿಲ್ಲ. ಮಲಿನ ಮಾಡುವ ವಸ್ತುವನ್ನು ಗೊತ್ತಿದ್ದೂ ಹೊಳೆಗೆ, ಬಾವಿಗೆ, ನೆಲಕ್ಕೆ ಬಿಡುವಂತಿಲ್ಲ ಅಂತ ಅಲ್ಲೇ ಇದೆ. ಬಾವಿಗೆ ಅಂತಲೂ ಇದೆ, ಗಮನಿಸಿ. ಕಲಂ 33ಎ ಪ್ರಕಾರ ಅಂಥ ಕಡೆ ಕರೆಂಟು ಕಟ್ ಮಾಡಿಸಬಹುದು, ಘಟಕವನ್ನೇ ಮುಚ್ಚಿಸಬಹುದು. ಕಾನೂನು ಇಲ್ಲ ಅಂತ ನಾನು ಅಳುತ್ತಿಲ್ಲ. ಅದನ್ನು ಓದಿದವರು ಆ ಕಾಂಪೌಂಡಿನೊಳಗೆ ಹೋಗಲಿ ಅಂತ ಕೇಳುತ್ತಿದ್ದೇನೆ.

ಹೋಗಲೇ ಇಲ್ಲ ಅಂತಲೂ ಅಲ್ಲ. ಹೋದರು. ಅದನ್ನೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕಂದ್ರೆ ಈ ಪತ್ರ ಬರೆಯಲು ಕಾರಣವೇ ಅದು.

ನಾನು ಒಂದು ಕಚೇರಿಗೆ ದೂರು ಕೊಟ್ಟೆ. ಯಾವ ಕಚೇರಿ ಅಂತ ಇಲ್ಲಿ ಬರೆಯುವುದಿಲ್ಲ, ಅಲ್ಲಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಅದು ತಿರುಗಿತು. ಕೊನೆಗೂ ಒಂದು ದಿನ ಜೀಪು ಬಂತು. ಹಿಂದಿನ ದಿನವೇ ಫ್ಯಾಕ್ಟರಿಗೆ ಫೋನ್ ಹೋಗಿತ್ತು ಅಂತ ಕಾಣುತ್ತದೆ. ಬೆಳಿಗ್ಗೆ ಹೊತ್ತಿಗೆ ಗುಂಡಿಗೆ ಹೊಸ ಜಲ್ಲಿ ಬಿದ್ದಿತ್ತು, ಪಕ್ಕದಲ್ಲಿ ಒಂದು ಹೊಂಗೆ ಸಸಿ ನೆಟ್ಟಿದ್ದರು. ಬಂದವರು ಸಸಿ ಜೊತೆ ಫೋಟೋ ತೆಗೆಸಿಕೊಂಡರು. ಸ್ಯಾಂಪಲ್ ತೆಗೆಯುವಾಗ ಅಲ್ಲೇ, ಆಗಲೇ ನೋಟಿಸ್ ಕೊಡಬೇಕು ಅಂತ ಕಾಯ್ದೆಯಲ್ಲಿದೆ. ಹಿಂದಿನ ದಿನ ಫೋನ್ ಮಾಡಿ ಹೇಳಬೇಕು ಅಂತ ಎಲ್ಲೂ ಇಲ್ಲ ಅಲ್ವಾ? ಹೋಗಲಿ, ಆ ಗುಂಡಿಯಿಂದ ಸ್ಯಾಂಪಲ್ಲನ್ನೇ ತೆಗೆಯಲಿಲ್ಲ. 'ಒಣಗಿದೆಯಲ್ರೀ' ಅಂದರು. ಹಗಲು ಒಣಗಿಯೇ ಇರುತ್ತದೆ ಸ್ವಾಮಿ, ರಾತ್ರಿ ಬನ್ನಿ ಅಂದೆ. ನಕ್ಕರು.

ಸ್ಯಾಂಪಲ್ ತೆಗೆದದ್ದು ಎಲ್ಲಿಂದ ಗೊತ್ತೇ? ನನ್ನ ಹೋಟೆಲಿನ ಬೋರ್ ನೀರಿನ ತೊಟ್ಟಿಯಿಂದ. ನನಗೆ ಖುಷಿಯಾಯಿತು. ಇನ್ನು ಸತ್ಯ ಹೊರಗೆ ಬರುತ್ತದೆ ಅಂದುಕೊಂಡೆ. ಬಂತು. ನೀರು ಕುಡಿಯಲು ಯೋಗ್ಯವಲ್ಲ ಅಂತ ರಿಪೋರ್ಟ್ ಬಂತು. ಅದರ ಹಿಂದೆಯೇ ನನಗೆ ನೋಟಿಸ್ ಬಂತು. ಯೋಗ್ಯವಲ್ಲದ ನೀರು ಬಳಸಿ ಹೋಟೆಲ್ ನಡೆಸುತ್ತಿದ್ದೀರಿ, ನಿಮ್ಮ ಮೇಲೆ ಯಾಕೆ ಕ್ರಮ ಜರುಗಿಸಬಾರದು?

ಶಾಸಕರೇ, ಇನ್ನೊಂದು ಸಲ ಓದಿಕೊಳ್ಳಿ. ನೀರು ಕೆಟ್ಟಿದೆ ಅಂತ ದೂರು ಕೊಟ್ಟವನಿಗೆ, ನಿನ್ನ ನೀರು ಕೆಟ್ಟಿದೆ ಅಂತ ನೋಟಿಸ್. ವಿಷ ಬಿಟ್ಟವರ ಗುಂಡಿ ಪಕ್ಕ ಹೊಂಗೆ ಸಸಿ ಚಿಗುರುತ್ತಿದೆ. ಆ ಸಸಿಗೆ ಫ್ಯಾಕ್ಟರಿಯವರು ಟ್ಯಾಂಕರ್ ನೀರು ಹಾಕುತ್ತಾರೆ, ಬೋರ್ ನೀರು ಹಾಕುವುದಿಲ್ಲ. ಅವರಿಗೂ ಗೊತ್ತು.

ಅಡುಗೆಗೆ ಕ್ಯಾನ್ ನೀರು, ತೊಳೆಯಲು ಈಗ ಟ್ಯಾಂಕರ್ ನೀರು. ಒಂದು ಚಹಾದಲ್ಲಿ ಎಷ್ಟು ಉಳಿಯುತ್ತದೆ ನೀವೇ ಲೆಕ್ಕ ಹಾಕಿ. ಊರಲ್ಲಿ ಐದು ರೂಪಾಯಿ ಕಾಯಿನ್ ಹಾಕಿ 20 ಲೀಟರ್ ಹಿಡಿಯುವ ಶುದ್ಧ ನೀರಿನ ಘಟಕ ಇತ್ತು. ಫಿಲ್ಟರ್ ಕಟ್ಟಿಕೊಂಡು ನಿಂತಿದೆ. ನನ್ನ ಹೆಂಡತಿಯ ಅಂಗೈ ಸಿಪ್ಪೆ ಸುಲಿಯುತ್ತದೆ, ಇಷ್ಟು ದಿನ ಬೋರ್ ನೀರಲ್ಲಿ ಪಾತ್ರೆ ತೊಳೆದವಳು ಅವಳೇ. ನೀರಿನಿಂದಲೇ ಅಂತ ಬರೆದುಕೊಡಿ ಅಂದರೆ ಡಾಕ್ಟರ್ ಮುಲಾಮು ಬರೆದುಕೊಟ್ಟರು. ನಮ್ಮ ನೀರಗಂಟಿ ಪಂಚಾಯಿತಿ ಕಿಟ್‌ನಲ್ಲಿ ಪರೀಕ್ಷೆ ಮಾಡುತ್ತಾನೆ. ಪಾಪ, ಅದರಲ್ಲಿ ಗಡಸುತನ, ಫ್ಲೋರೈಡ್, ನೈಟ್ರೇಟ್ ಥರದ್ದು ಗೊತ್ತಾಗುತ್ತದೆ. ಬಣ್ಣದ ಕೆಮಿಕಲ್ ಗೊತ್ತಾಗುವುದಿಲ್ಲ.

ಇದು ಒಂದು ಫ್ಯಾಕ್ಟರಿ ಮಾತಲ್ಲ. ನಮ್ಮ ಎರಡೂ ಜಿಲ್ಲೆಗಳಲ್ಲಿ ಬತ್ತಿದ ಬೋರ್‌ಗಳಿಗೆ ಬರವಿಲ್ಲ. ಒಂದೊಂದು ತೋಟದಲ್ಲಿ ನಾಲ್ಕೈದು. ಎಂಟುನೂರು, ಸಾವಿರ ಅಡಿ ಕೊರೆಸಿ, ನೀರು ಬರದೆ, ಒಂದು ಕಲ್ಲು ಮುಚ್ಚಿ ಬಿಟ್ಟವು. ಶುದ್ಧೀಕರಣ ಘಟಕ ಓಡಿಸಿದರೆ ಕರೆಂಟು ಬಿಲ್, ಕೆಮಿಕಲ್ ಖರ್ಚು. ಬತ್ತಿದ ಬೋರ್‌ಗೆ ಬಿಟ್ಟರೆ ಏನೂ ಖರ್ಚಿಲ್ಲ. ಹೊಳೆಗೆ ಬಿಟ್ಟರೆ ಮೀನು ಸತ್ತು ತೇಲಿ ಪೇಪರಲ್ಲಿ ಬರುತ್ತದೆ. ನೆಲದೊಳಗೆ ಬಿಟ್ಟರೆ ಯಾರಿಗೆ ಕಾಣುತ್ತದೆ?

ನಮ್ಮ ನೆಲ ಎಂಥದ್ದು ಅಂತ ಬೋರ್ ಕೊರೆಸಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಮೇಲೆ ಒಂದಿಷ್ಟು ಮಣ್ಣು, ಕೆಳಗೆಲ್ಲ ಬಂಡೆ. ನೀರಿರುವುದು ಬಂಡೆಯ ಬಿರುಕಿನಲ್ಲಿ. ಕೇಸಿಂಗ್ ಪೈಪ್ ಗಟ್ಟಿ ಬಂಡೆ ಸಿಗುವ ತನಕ ಮಾತ್ರ. ಅದರ ಕೆಳಗೆ ಬರೀ ತೂತು. ಅಲ್ಲಿಗೆ ಏನು ಬಿಟ್ಟರೂ ಬಿರುಕು ಹಿಡಿದು ಪಕ್ಕದವರ ಬೋರ್‌ಗೆ ಬರುತ್ತದೆ. ಮಣ್ಣಿನಲ್ಲಾದರೆ ಸ್ವಲ್ಪವಾದರೂ ಸೋಸುತ್ತದೆ, ಬಿರುಕಿನಲ್ಲಿ ಅದೂ ಇಲ್ಲ. ಒಮ್ಮೆ ಕೆಟ್ಟರೆ ತೊಳೆಯಲು ನಮ್ಮ ಕೈಲಾಗುವುದಿಲ್ಲ.

ನನ್ನ ಮಗಳು ದಾವಣಗೆರೆಯಲ್ಲಿ ಓದುತ್ತಾಳೆ. ಅಪ್ಪಾ, ಅಮೆರಿಕದಲ್ಲಿ ಇದಕ್ಕೇ ಅಂತ ನಿಯಮ ಇದೆ ಅಂತ ಫೋನಲ್ಲಿ ಓದಿ ಹೇಳಿದಳು. ಅಲ್ಲಿ ಕುಡಿಯುವ ನೀರಿನ ಸುರಕ್ಷತೆಯ ಕಾಯ್ದೆ ಬಂದದ್ದೂ 1974ರಲ್ಲೇ, ನಮ್ಮ ಜಲ ಕಾಯ್ದೆ ಬಂದ ವರ್ಷವೇ. ನೆಲದೊಳಗೆ ಏನನ್ನಾದರೂ ಇಳಿಸುವ ಬಾವಿಗಳನ್ನು ಅಲ್ಲಿ ಆರು ವರ್ಗ ಮಾಡಿದ್ದಾರೆ. ಮಳೆ ನೀರು ಇಳಿಸುವ ಸಾದಾ ಬಾವಿಯನ್ನೂ ಲೆಕ್ಕಕ್ಕೆ ಬರೆಸಬೇಕಂತೆ. ಅಪಾಯಕಾರಿ ಕೊಳೆ ಇಳಿಸಬೇಕೆಂದರೆ ಕುಡಿಯುವ ನೀರಿನ ಪದರಕ್ಕಿಂತ ತುಂಬ ಕೆಳಗೆ, ಪೈಪು ಸಿಮೆಂಟು ಹಾಕಿ, ಸೋರುತ್ತಿಲ್ಲ ಅಂತ ಆಗಾಗ ಪರೀಕ್ಷೆ ಮಾಡಿಸಿ ತೋರಿಸಬೇಕು. ಕುಡಿಯುವ ನೀರಿನ ಪದರಕ್ಕೇ, ಇಲ್ಲ ಅದರ ಮೇಲಕ್ಕೆ ಅಂಥ ಕೊಳೆ ಬಿಡುವ ಬಾವಿಗಳನ್ನು 1984ರಲ್ಲೇ ನಿಷೇಧಿಸಿದರು. ಅಲ್ಲಿ ಎಲ್ಲ ಸರಿ ಇದೆ ಅಂತ ನಾನು ಹೇಳುತ್ತಿಲ್ಲ. ಆದರೆ ಯಾವ ಬಾವಿಯೊಳಗೆ ಏನು ಹೋಗುತ್ತಿದೆ ಅಂತ ಕೇಳಲು ಒಬ್ಬರಾದರೂ ಇದ್ದಾರೆ. ನಮ್ಮ ಬಂಡೆ ನೆಲದಲ್ಲಿ ಹಾಗೆ ಬೇರೆಯಾಗಿ ಕೆಳಗಿರುವ ಪದರವನ್ನು ನಂಬಿ ಕೂರುವಂತಿಲ್ಲ. ಹಾಗಾಗಿ ಇಲ್ಲಿ ಸರಿಯಾಗಿ ಬಿಡುವ ವಿಧಾನ ಅಂತ ಒಂದಿಲ್ಲ. ಬಿಡಲೇಬಾರದು, ಅಷ್ಟೇ.

ನಮ್ಮಲ್ಲಿ? ಬೋರ್ ಕೊರೆಸುವ ಮುಂಚೆ 15 ದಿನ ಮೊದಲೇ ತಿಳಿಸಬೇಕು ಅಂತ 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬಿಟ್ಟ ಬೋರನ್ನು ತಳದಿಂದ ನೆಲಮಟ್ಟದ ತನಕ ಮಣ್ಣು, ಮರಳು, ಕಲ್ಲು ತುಂಬಿ ಮುಚ್ಚಬೇಕು ಅಂತಲೂ ಅಲ್ಲೇ ಹೇಳಿದೆ. ಅದು ಮಕ್ಕಳು ಬೀಳದಿರಲಿ ಅಂತ. ನಮ್ಮ ರಾಜ್ಯದ ಅಂತರ್ಜಲ ಕಾಯ್ದೆ 2011ರದ್ದು. 2024ರಲ್ಲಿ ಅದನ್ನು ತಿದ್ದಿ, ಮುಚ್ಚದೆ ಬಿಟ್ಟವರಿಗೆ ಜೈಲು, ದಂಡ ಅಂತ ಸದನದಲ್ಲಿ ಪಾಸು ಮಾಡಿದಿರಿ. ಒಳ್ಳೆಯದೇ. ಆದರೆ ಬಾಯಿಗೆ ಒಂದು ಕ್ಯಾಪ್ ಹಾಕಿ ಫೋಟೋ ತೆಗೆದರೆ ಮಗು ಉಳಿಯುತ್ತದೆ, ನೀರು ಉಳಿಯುವುದಿಲ್ಲ. ಕ್ಯಾಪ್ ರಾತ್ರಿ ಬಿಚ್ಚಬಹುದು. ತಳದಿಂದ ತುಂಬಿಸಿ. ನೀರು ಮೇಲೆತ್ತುವವನಿಗೆ ಅರ್ಜಿ, ಅನುಮತಿ, ನೋಂದಣಿ. ಕೊಳೆ ಕೆಳಗಿಳಿಸುವವನನ್ನು ಏನಪ್ಪಾ ಅಂತ ಕೇಳುವವರಿಲ್ಲ.

2023ರ ಆಗಸ್ಟ್ ಶುರುವಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಆ ಕಾರಣ ಬೇರೆ, ನಮ್ಮದು ಬೇರೆ, ಎರಡನ್ನೂ ಕಲಸುವುದಿಲ್ಲ. ಆದರೆ ಆಗ ಎಷ್ಟು ಕಾರುಗಳು ಬಂದವು ಅಂತ ನಾವು ನೋಡಿದ್ದೇವೆ. ಜನ ಸಾಯುವ ಮುಂಚೆ ಬರುವ ಪದ್ಧತಿ ಏನಾದರೂ ಇದೆಯಾ, ಸುಮ್ನೆ ಕೇಳುತ್ತಿದ್ದೇನೆ.

ಭದ್ರಾ ಮೇಲ್ದಂಡೆ ಯೋಜನೆಯ ನೀರು ಬರುತ್ತೆ, ತಡ್ಕೊಳ್ಳಿ ಅನ್ನಬೇಡಿ. 2023ರ ಕೇಂದ್ರ ಬಜೆಟ್‌ನಲ್ಲಿ ಅದಕ್ಕೆ 5,300 ಕೋಟಿ ಅಂತ ಓದಿದಾಗ ಹೋಟೆಲಲ್ಲಿ ಜಿಲೇಬಿ ಹಂಚಿದವನು ನಾನು. ಆ ದುಡ್ಡು ಇನ್ನೂ ದಾರಿಯಲ್ಲಿದೆ. ಅಲ್ಲಿಯ ತನಕ ನಮಗೆ ಬೋರ್ ಬಿಟ್ಟರೆ ಬೇರೆ ಗತಿ ಇಲ್ಲ.

ನಾನು ಕೇಳುವುದು ಇಷ್ಟೇ. ಬತ್ತಿದ ಬೋರ್‌ಗಳನ್ನು ಮುಚ್ಚಿಸಿ. ಮೊದಲು ಫ್ಯಾಕ್ಟರಿ, ಮಿಲ್ಲುಗಳ ಕಾಂಪೌಂಡಿನೊಳಗೆ ಇರುವವನ್ನು ಎಣಿಸಿ, ಪಟ್ಟಿಯನ್ನು ಪಂಚಾಯಿತಿ ಗೋಡೆಗೆ ಅಂಟಿಸಿ, ತಳದಿಂದ ತುಂಬಿಸಿ ಮುಚ್ಚಿಸಿ. ಮಳೆ ನೀರು ಇಂಗಿಸುವುದಕ್ಕೆ ನನ್ನ ತಕರಾರಿಲ್ಲ, ನಮ್ಮ ಜಿಲ್ಲೆಯಲ್ಲಿ ಅದರಿಂದ ಬತ್ತಿದ ಬೋರ್‌ಗಳಿಗೂ ಜೀವ ಬಂದಿದೆ. ಆದರೆ ಇಂಗು ಗುಂಡಿಗೂ ಲೆಕ್ಕ ಇರಲಿ. ಎಲ್ಲಿಯ ನೀರು, ಎಷ್ಟು, ಯಾವ ತಿಂಗಳಲ್ಲಿ ಅಂತ ಯಾರಾದರೂ ಬರೆದಿಡಲಿ. ಫ್ಯಾಕ್ಟರಿ ಒಳಗಂತೂ ಬೇಡವೇ ಬೇಡ. ಅಕ್ಕಪಕ್ಕದ ಬೋರ್‌ಗಳ ನೀರನ್ನು ಕಿಟ್‌ನಲ್ಲಲ್ಲ, ಲ್ಯಾಬಲ್ಲಿ ಪರೀಕ್ಷೆ ಮಾಡಿಸಿ. ರಾತ್ರಿ ಬನ್ನಿ, ಫೋನ್ ಮಾಡದೆ ಬನ್ನಿ.

ಇಲಾಖೆಗಳ ಕೆಲಸ ಎಲ್ಲಿಗೆ ಬಂತು ಅಂತ ವಿಚಾರಿಸುವ ತಾಲೂಕು ಕೆಡಿಪಿ ಸಭೆಗೆ ಅಧ್ಯಕ್ಷರು ನೀವೇ. ಮುಂದಿನ ಸಭೆಯಲ್ಲಿ ಇದೊಂದು ಪ್ರಶ್ನೆ ಕೇಳಿ: ನಮ್ಮ ತಾಲೂಕಿನಲ್ಲಿ ಫ್ಯಾಕ್ಟರಿಗಳ ಒಳಗೆ ಬತ್ತಿದ ಬೋರ್ ಎಷ್ಟಿವೆ, ಅದರೊಳಗೆ ಏನು ಹೋಗುತ್ತಿದೆ? ಉತ್ತರ ಸಿಗದಿದ್ದರೆ ಅಧಿವೇಶನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆ ಹಾಕಿ, ಮಂತ್ರಿಗಳು ಎದ್ದು ನಿಂತು ಹೇಳಲಿ. ಬತ್ತಿದ ಬೋರ್‌ಗಳನ್ನು ಮುಚ್ಚಿಸಿ. ಮತ್ತೆ ಮತ್ತೆ ಅದನ್ನೇ ಬರೆಯುತ್ತಿದ್ದಾನೆ ಅಂತ ಬೇಜಾರಾದರೆ ಕ್ಷಮಿಸಿ, ಮುಚ್ಚಿಸುವ ತನಕ ಬರೆಯುತ್ತೇನೆ.

ನೋಟಿಸ್‌ಗೆ ಉತ್ತರ ಕೊಟ್ಟಿದ್ದೇನೆ. ನೀರು ಯಾಕೆ ಕೆಟ್ಟಿದೆ ಅಂತ ಒಂದೂವರೆ ಪುಟ ಬರೆದು, ಹಸಿರು ಬೋರ್ಡಿನ ಫೋಟೋ ಲಗತ್ತಿಸಿದ್ದೇನೆ. ಅದರ ಜೆರಾಕ್ಸ್ ನಿಮ್ಮ ಕಚೇರಿಗೂ ಕಳಿಸಿದ್ದೇನೆ. ಸಿಕ್ಕಿದೆ ಅಂತ ಒಂದು ಸಾಲು ಬರೆಸಿ.

ಇಂತಿ,
ಹೆದ್ದಾರಿ ಬದಿಯ ಹೋಟೆಲ್‌ನವನು, ನಿಮ್ಮ ಕ್ಷೇತ್ರದ ಒಬ್ಬ ಮತದಾರ