ಯಾವ ಹಕ್ಕಿ?

ಕಳೆದ ಶನಿವಾರ ಸಂಘದ ಕನ್ನಡ ತರಗತಿಯಲ್ಲಿ 'ಸಮುದ್ರ' ಎಂದು ವಿಷಯ ಕೊಟ್ಟಾಗ ಒಂಬತ್ತು ವರ್ಷದ ಹುಡುಗಿಯೊಬ್ಬಳು ಎರಡು ಸಾಲು ಬರೆದು ಪೆನ್ಸಿಲ್ ಕೆಳಗಿಟ್ಟಳು. "ಎಲ್ಲಾ ಸಮುದ್ರಾನೂ ಒಂದೇ ಥರ ಅಲ್ವಾ ಆಂಟಿ, ಇನ್ನೇನು ಬರೀಲಿ?" ಅವಳ ಅಜ್ಜನ ಮನೆ ಉತ್ತರ ಕನ್ನಡದ ಕರಾವಳಿಯ ಬೇಲೆಕೇರಿಯಲ್ಲಿ. ರಜೆಗೆ ಹೋದಾಗಲೆಲ್ಲ ಅವಳು ಆಡುವುದು ಅಲ್ಲಿಯ ದಂಡೆಯಲ್ಲೇ.

ಅದೇ ಮಧ್ಯಾಹ್ನ ಶಿಕ್ಷಕರ ದಿನಾಚರಣೆಯ ಈ ಸಂಚಿಕೆಗೆ ಲೇಖನ ಕೊಡಲು ಬಂದ ಸದಸ್ಯೆಯೊಬ್ಬರು, ಜೊತೆಗೆ ತಮ್ಮ ಎಂಟನೆಯ ಇಯತ್ತೆಯ ನಿಬಂಧದ ಪಟ್ಟಿಯನ್ನೂ, ಅಂದರೆ ಪ್ರಬಂಧದ ನೋಟ್‌ಬುಕ್ಕನ್ನೂ, ತಂದಿದ್ದರು. ಕುಮಟೆ ಕಡೆಯ ಹೈಸ್ಕೂಲಿನ ಪಟ್ಟಿ, ಕಂದು ಕಾಗದದ ಹೊದಿಕೆ, ಮಳೆಗಾಲದ ತೇವಕ್ಕೆ ಅಂಚು ಉಬ್ಬಿದೆ. ಇವರು ಇವತ್ತು ಇಷ್ಟು ಚೊಕ್ಕವಾಗಿ ಬರೆಯುವುದು ಎಲ್ಲಿಂದ ಬಂತು ಎಂಬುದಕ್ಕೆ ಆ ಪಟ್ಟಿಯೇ ಸಾಕ್ಷಿ. ಅವರ ಲೇಖನ ಪುಟ 5ರಲ್ಲಿದೆ. ಇಲ್ಲಿ ಅವರ ಮಾಸ್ತರರ ಕೆಲಸದ ಬಗ್ಗೆ ಬರೆಯುತ್ತೇನೆ, ಏಕೆಂದರೆ ಅದು ನಮಗೆ ಈಗಲೇ ಬೇಕಾಗಿದೆ.

ಪಟ್ಟಿಯಲ್ಲಿ ಬರವಣಿಗೆ ಇರುವುದು ಬಲಗಡೆಯ ಪುಟದಲ್ಲಿ ಮಾತ್ರ. ಎಡಪುಟ ಖಾಲಿ ಬಿಡಬೇಕು, ಅದು ಎರಡನೆಯ ಸಲ ಬರೆಯುವುದಕ್ಕೆ. ವಿಷಯ, 'ನಮ್ಮೂರ ಹೊಳೆ'. ಮೊದಲ ಸಲ ಬರೆದದ್ದು ಹೀಗೆ: "ಹೊಳೆಯ ದಡದಲ್ಲಿ ಹಕ್ಕಿಗಳು ಇಂಪಾಗಿ ಹಾಡುತ್ತವೆ. ಸುತ್ತಲೂ ಹಸಿರು ಗದ್ದೆಗಳಿವೆ. ಪ್ರಕೃತಿಯ ಸೌಂದರ್ಯ ಮನಮೋಹಕವಾಗಿದೆ." ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಸಣ್ಣ ಅಕ್ಷರದ ಪ್ರಶ್ನೆಗಳು: "ಯಾವ ಹಕ್ಕಿ?" "ಗಜನಿಯೋ, ಬೆಟ್ಟಿನ ಗದ್ದೆಯೋ?" "ನೀನು ಹೋದಾಗ ಭರತಿಯೋ, ಇಳಿತವೋ?" (ಗಜನಿ ಎಂದರೆ ಭರತಿಯ ಉಪ್ಪುನೀರು ಬರುವ ತಗ್ಗು ಗದ್ದೆ, ಬೆಟ್ಟು ಎಂದರೆ ಎತ್ತರದ್ದು.) ಮೂರನೆಯ ವಾಕ್ಯದ ಕೆಳಗೆ ಒಂದು ಗೆರೆ, ಪಕ್ಕದಲ್ಲಿ "ಇದು ಯಾವ ಊರಿಗೂ ಆಗುತ್ತದೆ." ಇಷ್ಟೇ. ಉತ್ತರವನ್ನು ಮಾಸ್ತರರು ಎಲ್ಲೂ ಬರೆದುಕೊಟ್ಟಿಲ್ಲ.

ಎಡಪುಟದಲ್ಲಿ ಆ ಎಂಟನೆಯ ಇಯತ್ತೆಯ ಹುಡುಗಿ ಬರೆದದ್ದು ನೋಡಿ: "ನೀರು ಇಳಿದ ಮೇಲೆ ಹೆಂಗಸರು ಮೊಣಕಾಲು ನೀರಿಗೆ ಹೋಗಿ ಬಳಚು ಹೆಕ್ಕುತ್ತಾರೆ. ಚಿಪ್ಪು ಮೊದಲು ಕಾಲಿಗೆ ತಿಳಿಯುತ್ತದೆ, ಆಮೇಲೆ ಕೈಗೆ. ಗಜನಿಯಲ್ಲಿ ಕಗ್ಗ ಬಿತ್ತುತ್ತಾರೆ. ಅದು ಉಪ್ಪುನೀರಿಗೆ ಜಗ್ಗುವುದಿಲ್ಲ." (ಬಳಚು ಎಂದರೆ ಚಿಪ್ಪುಮೀನು, ಕಗ್ಗ ಎಂದರೆ ಅಲ್ಲಿಯ ಭತ್ತದ ತಳಿ.) ಹಕ್ಕಿ ಹೋಗಿಯೇಬಿಟ್ಟಿದೆ, ಯಾವುದೆಂದು ಅವಳಿಗೆ ಗೊತ್ತಿರಲಿಲ್ಲವೇನೋ. ಮನಮೋಹಕವೂ ಹೋಗಿದೆ. ಶಿರಸಿಯಲ್ಲಿ ಹುಟ್ಟಿ ಕುಮಟೆಯ ಕಡೆ ಕಡಲು ಸೇರುವ ಅಘನಾಶಿನಿಯ ಅಳಿವೆಯನ್ನು ಕಂಡವರಿಗೆ ಇದು ಆ ಹೊಳೆಯೇ ಎಂದು ಯಾರೂ ಹೇಳಬೇಕಿಲ್ಲ.

ಕಾಗುಣಿತಕ್ಕೆ ಬೇರೆಯೇ ಕ್ರಮ. ತಪ್ಪಿದ್ದ ಸಾಲಿನ ಕೊನೆಗೆ ಒಂದು ಚುಕ್ಕೆ, ಎರಡು ತಪ್ಪಿದ್ದರೆ ಎರಡು. ಎಲ್ಲಿದೆ ಎಂದು ಹುಡುಕುವುದು ಬರೆದವರ ಕೆಲಸ. ಒಂದು ಪುಟದಲ್ಲಿ ಪ್ರಶ್ನೆ ನಾಲ್ಕಕ್ಕಿಂತ ಹೆಚ್ಚಿಲ್ಲ. ಪುಟವೆಲ್ಲ ಕೆಂಪಾದರೆ ಮಗು ತಪ್ಪಾಗದ ಪದಗಳನ್ನಷ್ಟೇ ಬಳಸತೊಡಗುತ್ತದೆ, ಆಗ ಸಿಗುವುದು ಮತ್ತದೇ 'ಇಂಪಾಗಿ', 'ಸುಂದರವಾಗಿ'. ಇನ್ನೊಂದು ವಿಷಯ ಗಮನಿಸಿ, ಅಜ್ಜಿಯ ಮಾತು ಬಂದಲ್ಲೆಲ್ಲ ಮನೆಮಾತು ಹಾಗೆಯೇ ಉಳಿದಿದೆ. ಮಾಸ್ತರರು ಅದನ್ನು ಗ್ರಾಂಥಿಕಕ್ಕೆ ತಿದ್ದಿಲ್ಲ.

ಆ ಕರಾವಳಿಯಲ್ಲಿ ಇಂಥ ಮಾಸ್ತರರ ಪರಂಪರೆಯೇ ಇದೆ. ಗೋಕರ್ಣದಲ್ಲಿ ಗೌರೀಶ ಕಾಯ್ಕಿಣಿ ಶಾಲಾ ಶಿಕ್ಷಕರಾಗಿದ್ದುಕೊಂಡೇ ವಿಚಾರ, ವಿಮರ್ಶೆ, ನಾಟಕ ಬರೆದರು. ಘಟ್ಟದ ಮೇಲಿನ ರಾಣೇಬೆನ್ನೂರಿನ ಸು.ರಂ. ಎಕ್ಕುಂಡಿ ಬಂಕಿಕೊಡ್ಲದ ಹೈಸ್ಕೂಲಿನಲ್ಲಿ ದಶಕಗಳ ಕಾಲ ಮಾಸ್ತರರಾಗಿದ್ದು ಅಲ್ಲಿಯವರೇ ಆಗಿಹೋದರು. ಅವರ ಕವಿತೆಗೆ 1992ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪಕ್ಕದ ಹನೇಹಳ್ಳಿ ಕಾದಂಬರಿಕಾರ ಯಶವಂತ ಚಿತ್ತಾಲರ ಊರು. ಅಂಕೋಲೆಯ ಚುಟುಕು ಕವಿ ದಿನಕರ ದೇಸಾಯಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಹಳ್ಳಿಹಳ್ಳಿಗೆ ಹೈಸ್ಕೂಲು ತಂದದ್ದು 1953ರ ನಂತರ. ಬರೆಯುವ ಮಾಸ್ತರರು ಎದುರಿಗೆ ಬೆಂಚಿನಷ್ಟು ದೂರದಲ್ಲಿದ್ದರೆ ಬರೆಯುವುದು ಊರಿನ ಉಳಿದ ಕೆಲಸಗಳ ಹಾಗೆ ಕಲಿಯಬಹುದಾದ ಕೆಲಸ ಎಂದು ಮಕ್ಕಳಿಗೆ ಗೊತ್ತಾಗುತ್ತದೆ. ನಮ್ಮ ಮಕ್ಕಳಿಗೆ ಇಲ್ಲಿ ಇಲ್ಲದಿರುವುದು ಅದೇ.

ಮನೆಯಲ್ಲೇ ಮಾಡಬಹುದು. ವಾರಕ್ಕೆ ಒಂದು ಪುಟ, ಹನ್ನೆರಡು ಸಾಲು, ಇಪ್ಪತ್ತು ನಿಮಿಷ ಸಾಕು. ಮೊದಲು ಮಗು ಗಟ್ಟಿಯಾಗಿ ಓದಲಿ. ನಾಲಿಗೆ ತಡವರಿಸಿದಲ್ಲಿ ವಾಕ್ಯ ಉದ್ದವಾಗಿರುತ್ತದೆ, ಇಲ್ಲವೇ ಇಂಗ್ಲಿಷಿನಲ್ಲಿ ಯೋಚಿಸಿದ್ದಾಗಿರುತ್ತದೆ. ಪ್ರಶ್ನೆ ಬರೆಯಿರಿ, ಉತ್ತರ ಬರೆಯಬೇಡಿ. ನಮ್ಮ ತರಗತಿಯಲ್ಲಿ ಅತಿ ಹೆಚ್ಚು ಆಗುವ ತಪ್ಪು ಇದೇ: ಅಪ್ಪನೋ ಅಮ್ಮನೋ ಸರಿ ಪದ ಮೇಲೆ ಬರೆದುಕೊಡುತ್ತಾರೆ, ಮಗು ನಕಲು ಮಾಡುತ್ತದೆ, ಎರಡನೆಯ ಪುಟ ದೊಡ್ಡವರದಾಗುತ್ತದೆ. ಳ-ಲ, ಣ-ನ, ಹ್ರಸ್ವ-ದೀರ್ಘದ ತಪ್ಪುಗಳನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ. ಎರಡನ್ನೂ ಒಟ್ಟಿಗೆ ತಿದ್ದಿದರೆ ಮಗು ಕಾಗುಣಿತವನ್ನಷ್ಟೇ ಸರಿಮಾಡಿ ಪ್ರಶ್ನೆ ಬಿಟ್ಟುಬಿಡುತ್ತದೆ.

ಈಗ ಸೂಚನೆಗಳು, ಪುಟ ನಾಳೆ ಬೆಳಿಗ್ಗೆ ಹೋಗಬೇಕು. ದಸರಾ ಊಟಕ್ಕೆ ಹೆಸರು ಈ ಭಾನುವಾರದೊಳಗೆ, ಕೋಸಂಬರಿ ಮತ್ತು ಪಾಯಸಕ್ಕೆ ಇನ್ನೂ ಯಾರೂ ಒಪ್ಪಿಕೊಂಡಿಲ್ಲ. ಯಕ್ಷಗಾನದ ತಾಳಾಭ್ಯಾಸ ಎಂದಿನಂತೆ ಶುಕ್ರವಾರ ಸಂಜೆ. ರಾಜ್ಯೋತ್ಸವ ಸಂಚಿಕೆಗೆ ಬರಹ ಅಕ್ಟೋಬರ್ 10ರೊಳಗೆ, ಯೂನಿಕೋಡ್‌ನಲ್ಲೇ ಕಳಿಸಿ. ಹಳೆಯ ಫಾಂಟಿನಲ್ಲಿ ಬಂದದ್ದನ್ನು ಪರಿವರ್ತಿಸಿದಾಗ ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಹಾರುತ್ತದೆ, ಒಂದೊಂದಾಗಿ ಕೂಡಿಸಲು ರಾತ್ರಿಯೆಲ್ಲ ಬೇಕು. ಫೋನಿಗೆ ಹೇಳಿ ಬರೆಸಿದ್ದಾದರೆ ಒಮ್ಮೆ ಓದಿ, ಪೂರ್ಣವಿರಾಮ ಹಾಕಿ ಕಳಿಸಿ.

ಹದಿನಾಲ್ಕು ಮಕ್ಕಳ ಪಟ್ಟಿಗಳು ಮೇಜಿನ ಮೇಲೆ ಹಾಗೇ ಇವೆ. ಈಗ ನೋಡುತ್ತಿರುವವರು ಇಬ್ಬರೇ, ಇಬ್ಬರಿಗೂ ಸಾಕಾಗಿದೆ. ತಿಂಗಳಿಗೆ ಎರಡು ಗಂಟೆ ಕೊಡುವ ಇನ್ನು ಮೂವರು ಬೇಕು, ದಯವಿಟ್ಟು ಬನ್ನಿ. ಸಾಹಿತಿಗಳೇ ಆಗಬೇಕಿಲ್ಲ. 'ಯಾವ ಹಕ್ಕಿ' ಎಂದು ಕೇಳಲು ಬಂದರೆ ಸಾಕು.

ಆ ಹಳೆಯ ಪಟ್ಟಿಯನ್ನು ದಸರಾ ದಿನ ಪುಸ್ತಕದ ಮೇಜಿನ ಮೇಲೆ ಇಟ್ಟಿರುತ್ತೇವೆ, ತೆರೆದು ಓದಬಹುದು. ಊಟಕ್ಕೆ ಮುಂಚೆಯೇ ನೋಡಿ, ಕೈ ಒಣಗಿರಲಿ. ನೀರು ತಾಗಿದರೆ ಆ ಕೆಂಪು ಶಾಯಿ ಹರಡುತ್ತದೆ.