ಬ್ರಾಂಪ್ಟನ್‌ನಿಂದ ಭಾವನಿಗೆ

ಬ್ರಾಂಪ್ಟನ್, ಒಂಟಾರಿಯೊ, ಕೆನಡಾ

ಭಾವನವರಿಗೆ ನಮಸ್ಕಾರಗಳು.

ನಾನು ಇಲ್ಲಿ ಚೆನ್ನಾಗಿದ್ದೇನೆ. ಅಕ್ಕ, ಮಕ್ಕಳು, ಅಮ್ಮ ಎಲ್ಲರೂ ಆರಾಮಾಗಿದ್ದೀರಿ ಅಂದುಕೊಂಡಿದ್ದೇನೆ. "ಅಲ್ಲಿ ಲಾರಿ ಓಡಿಸೋದಕ್ಕಿಂತ ಬರೆಯೋದೇ ಜಾಸ್ತಿಯಂತೆ, ಹೌದೇನೋ?" ಅಂತ ಮೊನ್ನೆ ಫೋನಿನಲ್ಲಿ ಕೇಳಿದಿರಲ್ಲ, ಆಗ ಸರಿಯಾಗಿ ಹೇಳಲು ಆಗಲಿಲ್ಲ. ಇವತ್ತು ರಜೆ, ಅದಕ್ಕೇ ಸಾವಕಾಶವಾಗಿ ಬರೆಯುತ್ತಿದ್ದೇನೆ.

ಹೌದು ಭಾವ, ಬರೆಯುವ ಕೆಲಸ ಜಾಸ್ತಿಯೇ. ಒಂಟಾರಿಯೊದಲ್ಲಿ ದೊಡ್ಡ ಟ್ರಕ್ಕಿನ ಲೈಸೆನ್ಸಿಗೆ ಕಡಿಮೆ ಅಂದರೂ 103.5 ಗಂಟೆ ತರಬೇತಿ ಆಗಬೇಕು. ಲಾಗ್ ಹಾಕುವುದನ್ನು ಅಲ್ಲೇ ಹೇಳಿಕೊಡುತ್ತಾರೆ. ಲಾಗ್ ಅಂದರೆ ದಿನದ 24 ಗಂಟೆಯ ಲೆಕ್ಕ. ಹಾಳೆಯಲ್ಲಿ ಅಡ್ಡಕ್ಕೆ ನಾಲ್ಕು ಸಾಲು: ಬಿಡುವು, ಟ್ರಕ್ಕಿನ ಹಾಸಿಗೆಯಲ್ಲಿ ನಿದ್ದೆ, ಡ್ರೈವಿಂಗ್, ಓಡಿಸದೆ ಮಾಡುವ ಡ್ಯೂಟಿ. ಗಂಟೆಗೊಂದು ಮನೆ, ಅದರೊಳಗೆ ಕಾಲು ಕಾಲು ಗಂಟೆಗೆ ಗುರುತು. ಬೆಳಿಗ್ಗೆ ಟೈರು, ಬ್ರೇಕು, ದೀಪ ನೋಡುವ ಹೊತ್ತು ನಾಲ್ಕನೇ ಸಾಲಿಗೆ ಹೋಗುತ್ತದೆ. ಗಾಡಿ ಹೊರಟರೆ ಗೆರೆ ಮೂರನೇ ಸಾಲಿಗೆ ಏರುತ್ತದೆ. ಎಲ್ಲಿ ಬದಲಾಯಿತೋ ಆ ಊರಿನ ಹೆಸರು ಬರೆಯಬೇಕು. ನಾಲ್ಕೂ ಸಾಲು ಕೂಡಿದರೆ 24 ಬರಲೇಬೇಕು.

ಈಗ ಇದನ್ನೆಲ್ಲ ಎಂಜಿನ್‌ಗೆ ಜೋಡಿಸಿದ ಇ-ಎಲ್-ಡಿ ಅನ್ನೋ ಯಂತ್ರವೇ ಬರೆದುಕೊಳ್ಳುತ್ತದೆ. ಅಮೆರಿಕದಲ್ಲಿ 2017ರ ಡಿಸೆಂಬರ್‌ನಲ್ಲೇ ಕಡ್ಡಾಯವಾಯಿತು. ಕೆನಡಾದಲ್ಲಿ 2023ರ ಜನವರಿಯಿಂದ ದಂಡ ಹಾಕಲು ಶುರು ಮಾಡಿದರು. ಆದರೂ ಖಾಲಿ ಲಾಗ್ ಹಾಳೆಗಳು ಕ್ಯಾಬಿನ್‌ನಲ್ಲಿ ಇರಲೇಬೇಕು. ಯಂತ್ರ ಕೈಕೊಟ್ಟರೆ ಮತ್ತೆ ಸ್ಕೇಲು, ಪೆನ್ನು.

ಕೆನಡಾದಲ್ಲಿ ದಿನಕ್ಕೆ 13 ಗಂಟೆ ಓಡಿಸಬಹುದು. ಗಡಿಯ ವಿಂಡ್ಸರ್‌ನಲ್ಲಿ ಸೇತುವೆ ದಾಟಿ ಅಮೆರಿಕದ ಡೆಟ್ರಾಯಿಟ್‌ಗೆ ಇಳಿದರೆ ಅದು 11ಕ್ಕೆ ಇಳಿಯುತ್ತದೆ. ಅಲ್ಲಿ ಡ್ಯೂಟಿ ಶುರುವಾಗಿ 14 ಗಂಟೆ ಕಳೆದ ಮೇಲೆ ಓಡಿಸುವಂತಿಲ್ಲ. ಗೋಡೌನ್ ಮುಂದೆ ಸುಮ್ನೆ ಕಾದರೂ ಆ ಗಡಿಯಾರ ಓಡುತ್ತಲೇ ಇರುತ್ತದೆ. ಆಮೇಲೆ ಒಂದೇ ಸಮ 10 ಗಂಟೆ ವಿಶ್ರಾಂತಿ.

ನಿಮಗೆ ಮುಖ್ಯವಾಗಿ ಹೇಳಬೇಕಿದ್ದದ್ದು ಇದು. ಹೋದ ವಾರ ಅಮೆರಿಕದ ಒಹಾಯೊದಲ್ಲಿ ಒಂದು ಗೋಡೌನಿನವರು ಮಧ್ಯಾಹ್ನದಿಂದ ಸಂಜೆವರೆಗೂ ಮಾಲು ಇಳಿಸಲಿಲ್ಲ. ಅದು ಮುಗಿಯುವಷ್ಟರಲ್ಲಿ ನಮ್ಮ ಆಫೀಸಿನಿಂದ ಫೋನು, ಪಕ್ಕದೂರಲ್ಲಿ ಇನ್ನೊಂದು ಲೋಡ್ ಇದೆ, ರಾತ್ರಿಯೇ ಎತ್ತು ಅಂತ. "ನನ್ನ ಗಂಟೆ ಮುಗಿಯಿತು" ಅಂದೆ. ಆಫೀಸಿನವನೂ ತನ್ನ ಕಂಪ್ಯೂಟರ್‌ನಲ್ಲಿ ಅದೇ ಲಾಗ್ ನೋಡಿದ. "ಸರಿ, ಬೆಳಿಗ್ಗೆ ಎತ್ತು" ಅಂದ. ಅಷ್ಟೇ. ಬೈಗುಳವಿಲ್ಲ, ಕೆಲಸ ಹೋಗುತ್ತದೆಂಬ ಹೆದರಿಕೆಯಿಲ್ಲ. ಗಂಟೆ ಮೀರಿ ಓಡಿಸು ಅಂತ ಡ್ರೈವರಿಗೆ ಬಲವಂತ ಮಾಡುವುದೇ ತಪ್ಪು ಅಂತ ಅಮೆರಿಕದಲ್ಲಿ 2016ರಿಂದ ನಿಯಮವಿದೆ. ಆ ರಾತ್ರಿ ಮಲಗಿದಾಗ ನೀವೇ ನೆನಪಿಗೆ ಬಂದಿರಿ. ತಿಪಟೂರಿನಿಂದ ಕೊಬ್ಬರಿ ತುಂಬಿಕೊಂಡು ದಿಲ್ಲಿಗೆ ಹೊರಟರೆ ನಿಮಗೆ ಟೀ, ಬೀಡಿಯೇ ನಿದ್ದೆ. ನಮ್ಮಲ್ಲೂ ಕಾನೂನು ಇಲ್ಲದೆ ಇಲ್ಲ. 2025ರ ನವೆಂಬರ್‌ವರೆಗೂ ಇದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅನ್ನುತ್ತಿತ್ತು. ಆದರೆ ಲೆಕ್ಕ ಬರೆದಿಟ್ಟವರು ಯಾರು? ಬರೆಯದಿದ್ದರೆ ಮಾಲೀಕರ ಮುಂದೆ ಏನಂತ ತೋರಿಸೋದು? ಇದು ನನ್ನನ್ನು ತುಂಬಾ ಕಾಡುತ್ತದೆ ಭಾವ.

ಇನ್ನು ಮಾಲಿನ ಕಾಗದ. ನಿಮ್ಮ ಎಲ್‌ಆರ್ (ಲಾರಿ ರಸೀದಿ) ಇದ್ದ ಹಾಗೆ ಇಲ್ಲಿ ಬಿಲ್ ಆಫ್ ಲೇಡಿಂಗ್. ಕಳಿಸುವವರು, ಪಡೆಯುವವರು, ಎಷ್ಟು ನಗ (ಡಬ್ಬ, ಮೂಟೆ), ಎಷ್ಟು ತೂಕ, ಎಲ್ಲ ಅದರಲ್ಲೇ. ಅವರೇ ತುಂಬಿ ಬಾಗಿಲಿಗೆ ಸೀಲ್ ಹಾಕಿದ್ದರೆ ನಾನು ಎಣಿಸಲು ಆಗುವುದಿಲ್ಲ. ಆಗ "ತುಂಬಿದ್ದೂ ಎಣಿಸಿದ್ದೂ ಕಳಿಸಿದವರೇ" ಅಂತ ಬಿಲ್ಲಿನಲ್ಲಿ ಬರೆಸಿಯೇ ಸಹಿ ಹಾಕುತ್ತೇನೆ. ಸೀಲಿನ ನಂಬರನ್ನು ಬಿಲ್ಲಿನ ನಂಬರಿನ ಜೊತೆ ಒಂದೊಂದೇ ಅಂಕೆ ಓದಿ ಹೋಲಿಸಿ, ಮೊಬೈಲಿನಲ್ಲಿ ಫೋಟೋ ತೆಗೆಯುತ್ತೇನೆ. ಇಳಿಸುವಾಗ ಸೀಲನ್ನು ಅವರೇ ಕತ್ತರಿಸಬೇಕು. ನಗ ಕಮ್ಮಿ ಬಂದರೆ ಅಲ್ಲೇ ಬಿಲ್ಲಿನ ಮೇಲೆ ಬರೆಸಿ, ಬಂದ ಹೊತ್ತು, ಹೊರಟ ಹೊತ್ತು ಹಾಕಿಸಿ ಸಹಿ ಮಾಡಿಸಿಕೊಳ್ಳಬೇಕು. ಆ ಸಹಿ ಇಲ್ಲದಿದ್ದರೆ ಬಾಡಿಗೆ ಬರುವುದೇ ಕಷ್ಟ. ಬೆಂಕಿ ಹತ್ತುವ, ವಿಷದ ಮಾಲಾದರೆ ಅಮೆರಿಕದಲ್ಲಿ ಇನ್ನೂ ಬಿಗಿ. ಸೀಟ್ ಬೆಲ್ಟ್ ಹಾಕಿಕೊಂಡೇ ಕಾಗದ ಕೈಗೆ ಸಿಗುವಂತಿರಬೇಕು. ನಾನು ಇಳಿದರೆ ಅದು ಬಾಗಿಲಿನ ಜೇಬಿನಲ್ಲೋ ನನ್ನ ಸೀಟಿನ ಮೇಲೋ ಇರಬೇಕು. ಅಪಘಾತವಾದರೆ ಬೆಂಕಿ ಆರಿಸಲು ಬಂದವರು ಹುಡುಕುತ್ತ ನಿಲ್ಲಬಾರದು ಅಲ್ವಾ?

ಗಡಿ ದಾಟುವ ಲೋಡಿನ ವಿವರ ಒಂದು ಗಂಟೆ ಮುಂಚೆಯೇ ಕಸ್ಟಮ್ಸ್‌ಗೆ ಹೋಗಿರಬೇಕು. ಅದನ್ನು ಆಫೀಸಿನವರು ಕಳಿಸುತ್ತಾರೆ. ಹೋಗಿದೆ ಅಂತ ಖಾತ್ರಿಯಾಗದೆ ನಾನು ಸೇತುವೆ ಕಡೆ ಹೊರಡುವುದಿಲ್ಲ.

ಒಂದು ಕೆಲಸ ಮಾಡಿ. ಒಂದು ನೋಟ್ ಬುಕ್ ಇಟ್ಟುಕೊಂಡು, ಎಲ್ಲಿ ಎಷ್ಟು ಹೊತ್ತಿಗೆ ಹೊರಟಿರಿ, ಎಲ್ಲಿ ನಿಲ್ಲಿಸಿದಿರಿ, ಎಷ್ಟು ಮಲಗಿದಿರಿ ಅಂತ ದಿನಾ ಬರೆಯಿರಿ. ಮುಂದಿನ ದಿಲ್ಲಿ ಟ್ರಿಪ್ಪಿಗೆ ಇನ್ನೊಬ್ಬ ಡ್ರೈವರ್ ಬೇಕು ಅಂತ ಮಾಲೀಕರಿಗೆ ಅದನ್ನು ತೋರಿಸಿಯೇ ಕೇಳಿ. ಒಪ್ಪದಿದ್ದರೆ ನನಗೆ ತಿಳಿಸಿ, ಅವರ ಹತ್ತಿರ ನಾನೇ ಮಾತಾಡುತ್ತೇನೆ. ಅಕ್ಕನಿಗೂ ಈ ಪತ್ರ ಓದಿ ಹೇಳಿ. ಭಾನುವಾರ ಬೆಳಿಗ್ಗೆ ನೀವು ಮನೆಯಲ್ಲಿದ್ದರೆ ಫೋನ್ ಮಾಡುತ್ತೇನೆ, ಇಲ್ಲಿ ಆಗ ಶನಿವಾರ ರಾತ್ರಿ.

ನಿಮ್ಮ ಬಾಮೈದ